ಮ್ಯಾಜಿಕ್ ಬಿಟ್ಟುಹೋದ ವಿಷ ಬಳಿದು ತೆಗೆಯುವ ಹುಡುಗಿ: ಅವಳ ಶಕ್ತಿ ಎಲ್ಲಿಂದ ಬರಬೇಕು?

ಮಸಿಕುಡಿಕೆ

ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರ ನಡುವೆ ಬರುವ ಒಂದು ತಿರುವಿನ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಫ್ಯಾಂಟಸಿ ಕಥೆ, ಆದರೆ ರಾಜ, ಕತ್ತಿ, ಕುದುರೆ ಇಲ್ಲ. ಈಗಿನ ಕಾಲದ ಒಂದು ದೊಡ್ಡ ನಗರ. ಮೊಬೈಲ್ ಇದೆ, ಲಿಫ್ಟ್ ಇದೆ, ಬಾಡಿಗೆ ಕಟ್ಟುವ ಚಿಂತೆ ಇದೆ. ಮ್ಯಾಜಿಕ್ ಕೂಡ ಇದೆ, ಅದು ಯಾರಿಗೂ ಗುಟ್ಟಲ್ಲ. ಆಸ್ಪತ್ರೆಯಲ್ಲಿ ಮಂತ್ರ ಹಾಕಿ ಮುರಿದ ಮೂಳೆ ಕೂಡಿಸುತ್ತಾರೆ. ಹಳೆಯ ಸೇತುವೆಗಳು ಮಂತ್ರದ ಬಲದ ಮೇಲೇ ನಿಂತಿವೆ.

ಆದರೆ ಪ್ರತಿ ಮಂತ್ರವೂ ಕೆಲಸ ಮುಗಿದ ಮೇಲೆ ಏನೋ ಒಂದನ್ನು ಬಿಟ್ಟು ಹೋಗುತ್ತದೆ. ಅದಕ್ಕೆ ಗಸಿ ಅಂತ ಹೆಸರಿಟ್ಟಿದ್ದೇನೆ. ತೆಳ್ಳಗೆ, ಬೂದು ಬಣ್ಣ, ಮುಟ್ಟಿದರೆ ಜಿಡ್ಡು. ಗಾಳಿಗಿಂತ ಭಾರ, ಹಾಗಾಗಿ ಕೆಳಕ್ಕೆ ಇಳಿಯುತ್ತದೆ. ಮೆಟ್ಟಿಲ ಮೂಲೆ, ಲಿಫ್ಟಿನ ಗುಂಡಿ, ನೆಲಮಾಳಿಗೆ, ಚರಂಡಿ. ಮಂತ್ರ ಹಾಕುವವರು ಮೇಲಿನ ಮಹಡಿಗಳಲ್ಲಿ ಇರುತ್ತಾರೆ. ಬಹಳ ಕಾಲ ಗಸಿ ತಾಗಿದವರು ಮೊದಲು ವಸ್ತುಗಳ ಹೆಸರು ಮರೆಯುತ್ತಾರೆ. ಆಮೇಲೆ ಮನೆಯವರ ಹೆಸರು.

ನಾಯಕಿಗೆ 19 ವರ್ಷ. ಗಸಿ ಬಳಿದು ತೆಗೆಯುವ ತಂಡದಲ್ಲಿ ರಾತ್ರಿ ಕೆಲಸ. ಚಿಕ್ಕಂದಿನಲ್ಲಿ ಎಲ್ಲ ಮಕ್ಕಳಿಗೂ ಮಾಡುವ ಮಂತ್ರ ಪರೀಕ್ಷೆಯಲ್ಲಿ ಅವಳಿಗೆ ಸೊನ್ನೆ ಬಂದಿತ್ತು. ಆದರೆ ಅವಳೊಳಗೆ ಯಾರೂ ಗುರುತಿಸದ ಶಕ್ತಿಯೊಂದಿದೆ. ಇಲ್ಲಿ ನನ್ನ ಮುಂದೆ ಎರಡು ದಾರಿ. ಒಂದು, ಅವಳು ನಿಜವಾಗಿ ದೊಡ್ಡ ಮಾಂತ್ರಿಕರ ಮನೆತನದವಳು, ಪರೀಕ್ಷೆಯನ್ನೇ ಯಾರೋ ತಿರುಚಿದ್ದರು. ಇನ್ನೊಂದು, ಅವಳ ಶಕ್ತಿ ಗಸಿಯ ಜೊತೆ ಕೆಲಸ ಮಾಡಿಯೇ ಬೆಳೆದದ್ದು. ಮೊದಲನೆಯದರಲ್ಲಿ ನಾಟಕ ಜಾಸ್ತಿ. ಎರಡನೆಯದು ನನಗೆ ಹತ್ತಿರ, ಆದರೆ ಅದನ್ನು ಓದುಗರು ನಂಬುವ ಹಾಗೆ ಬರೆಯುವುದು ಹೇಗೆ?

ಪುಟತಿರುವಿ

ಮಸಿಕುಡಿಕೆ ಅವರೇ, ಎರಡನೆಯದನ್ನೇ ಹಿಡಿಯಿರಿ. ಮೊದಲನೆಯದನ್ನು ಆರಿಸಿದರೆ ನೀವು ಕಟ್ಟಿದ ನಗರವೇ ಸುಳ್ಳಾಗುತ್ತದೆ.

ಯಾಕೆ ಹೇಳುತ್ತೇನೆ ಕೇಳಿ. ಅರ್ಧ ಪುಸ್ತಕದವರೆಗೆ ನೀವು ನಮಗೆ ನೆಲಮಾಳಿಗೆ ತೋರಿಸುತ್ತೀರಿ. ಅಲ್ಲಿ ಗಸಿ ಬಳಿಯುವವರ ಕೈ, ಮರೆವು, ಸಂಬಳ ಎಲ್ಲ ನೋಡುತ್ತೇವೆ. ಇಂಥ ಕೆಲಸಕ್ಕೆ ಬೆಲೆ ಇದೆ ಅಂತ ನಂಬಲು ಶುರು ಮಾಡುತ್ತೇವೆ. ಆಗ ಅವಳು ಮೇಲಿನವರ ಮಗಳು ಎಂದುಬಿಟ್ಟರೆ ಏನಾಯಿತು? ಬೆಲೆ ಇದ್ದದ್ದು ರಕ್ತಕ್ಕೆ, ಕೆಲಸಕ್ಕಲ್ಲ ಎಂದಾಯಿತು. ಪಕ್ಕದಲ್ಲೇ ಬಳಿಯುತ್ತಿದ್ದ ಉಳಿದವರು ಅವಳು ಹತ್ತಿ ಹೋಗಲು ಇದ್ದ ಮೆಟ್ಟಿಲು, ಅಷ್ಟೇ. ಹುಟ್ಟಿನ ಗುಟ್ಟು ಬಯಲಾಗುವ ಕಥೆ ನನಗೂ ಇಷ್ಟ. ಆದರೆ ಅದು ಸಿಂಹಾಸನದ ಕಥೆಗೆ ಸರಿ. ಕಸದ ಕಥೆಗೆ ಒಗ್ಗುವುದಿಲ್ಲ.

ರಾತ್ರಿಪಾಳಿ

ನಾನು ಒಂದು ಕಾರ್ಖಾನೆಯ ತ್ಯಾಜ್ಯ ಸಂಸ್ಕರಣಾ ಘಟಕದಲ್ಲಿ ಕೆಲಸ ಮಾಡಿದವನು. ಸಾಹಿತ್ಯದ ಬಗ್ಗೆ ಹೇಳಲಾರೆ. ವಿಷದ ಬಗ್ಗೆ ಹೇಳುತ್ತೇನೆ.

ನಿಮ್ಮ ಗಸಿ ಭಾರ, ಕೆಳಕ್ಕೆ ಇಳಿಯುತ್ತದೆ ಅಂದಿರಿ. ಸರಿ ಇದೆ. ಕ್ಲೋರಿನ್ ಅನಿಲ ಹಾಗೇ, ಹೈಡ್ರೋಜನ್ ಸಲ್ಫೈಡ್ ಅನಿಲವೂ ಹಾಗೇ. ಗುಂಡಿಯಲ್ಲಿ ನಿಲ್ಲುತ್ತವೆ. ಎರಡನೆಯದರ ಗುಣ ಒಂದು ಹೇಳಿಬಿಡುತ್ತೇನೆ, ನಿಮಗೆ ಉಪಯೋಗವಾಗುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗದ ಹತ್ತಿರ ಬಂದರೆ ಮೂಗೇ ಸತ್ತುಹೋಗುತ್ತದೆ. ವಾಸನೆ ನಿಂತಿತು, ಅನಿಲ ಹೋಯಿತು ಅಂದುಕೊಂಡವರು ಮೇಲೆ ಬರುವುದಿಲ್ಲ. ಗಸಿಗೂ ಇಂಥದ್ದೊಂದು ಮೋಸ ಇರಲಿ. ತಾಗುತ್ತಿದೆ ಎಂದು ತಿಳಿಸುವ ಅಂಗವನ್ನೇ ಅದು ಮೊದಲು ಕೊಲ್ಲಲಿ.

ಇನ್ನೊಂದು ವಿಷಯ. ತ್ಯಾಜ್ಯ ಒಂದೊಂದೇ ಇದ್ದಾಗ ಅಷ್ಟು ಭಯ ಇಲ್ಲ. ಎರಡು ಸೇರಿದಾಗ ಕೇಡು. ಬ್ಲೀಚಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಏಳುತ್ತದೆ. ಸೈನೈಡ್ ಇರುವ ನೀರಿಗೆ ಆಸಿಡ್ ಬಿದ್ದರೆ ಅದಕ್ಕಿಂತ ಕೆಟ್ಟದ್ದು. ಅದಕ್ಕೇ ಡ್ರಮ್ಮುಗಳನ್ನು ಬೇರೆ ಬೇರೆ ಇಡುತ್ತೇವೆ, ಚೀಟಿ ಅಂಟಿಸುತ್ತೇವೆ. ಮೂಳೆ ಕೂಡಿಸಿದ ಮಂತ್ರದ ಗಸಿಯೂ ಸೇತುವೆ ಹಿಡಿದ ಮಂತ್ರದ ಗಸಿಯೂ ಒಂದೇ ಥರ ಇರಬಾರದು, ಅಲ್ವಾ?

ನಮ್ಮಲ್ಲಿ ಒಬ್ಬ ಹಿರಿಯರಿದ್ದರು. ಓದಿದ್ದು ಕಡಿಮೆ. ಡ್ರಮ್ಮಿನ ಮುಚ್ಚಳ ನೋಡಿ ಒಳಗಿನ ಸ್ಥಿತಿ ಹೇಳುತ್ತಿದ್ದರು. ಮುಚ್ಚಳ ನಡುವೆ ಉಬ್ಬಿದ್ದರೆ ಒಳಗೆ ಅನಿಲ ಹುಟ್ಟುತ್ತಿದೆ. ಪಕ್ಕ ಒಳಕ್ಕೆ ಸೊಟ್ಟಗಾಗಿದ್ದರೆ ಬಿಸಿ ಇದ್ದಾಗ ಮುಚ್ಚಿದ್ದಾರೆ, ಈಗ ಆರಿದೆ. ಹೊಸಬರು ಸ್ಪ್ಯಾನರ್ ಹಿಡಿದು ಬಗ್ಗಿದರೆ ಅವರು ಭುಜ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದರು. ಮುಚ್ಚಳದ ಬಳೆಗೆ ಕಿವಿ ಕೊಟ್ಟು, ಸುಯ್ ಅನ್ನುವ ಸಣ್ಣ ಸದ್ದು ಇದೆಯಾ ಅಂತ ಕೇಳಿಸಿಕೊಂಡು, ಆಮೇಲೆ ಸಣ್ಣ ಬಿರಡೆಯನ್ನು ಕಾಲು ಸುತ್ತು ಮಾತ್ರ ಸಡಿಲಿಸಿ ಕಾಯುತ್ತಿದ್ದರು. ಆ ಅರಿವಿಗೆ ಯಾವ ಸರ್ಟಿಫಿಕೇಟೂ ಇರಲಿಲ್ಲ. ಸಂಬಳದ ಚೀಟಿಯಲ್ಲಿ ಅವರು ಕೊನೆಯವರೆಗೂ ಹೆಲ್ಪರ್.

ಅಡಿಟಿಪ್ಪಣಿ

ರಾತ್ರಿಪಾಳಿ ಅವರು ಹೇಳಿದ ಮೇಲೆ ಒಂದು ನಿಜವಾದ ಘಟನೆ ಹೇಳಲೇಬೇಕು. ಮಸಿಕುಡಿಕೆ ಅವರ ಕಥೆಗೆ ಇದಕ್ಕಿಂತ ಹತ್ತಿರದ್ದು ನನಗೆ ಗೊತ್ತಿಲ್ಲ.

1987, ಬ್ರೆಜಿಲ್ ದೇಶದ ಗೋಯಾನಿಯಾ ನಗರ. ಕ್ಯಾನ್ಸರ್ ಚಿಕಿತ್ಸೆಯ ಒಂದು ಕ್ಲಿನಿಕ್ ಬೇರೆ ಕಡೆಗೆ ಹೋಗಿತ್ತು. ವಿಕಿರಣ ಕೊಡುವ ಯಂತ್ರ ಹಳೆ ಕಟ್ಟಡದಲ್ಲೇ ಉಳಿದಿತ್ತು. ಇಬ್ಬರು ಅದರ ಭಾಗ ಬಿಚ್ಚಿ ಗುಜರಿ ಅಂಗಡಿಗೆ ಮಾರಿದರು. ರಾತ್ರಿ ಅದರೊಳಗಿಂದ ನೀಲಿ ಬೆಳಕು ಬರುತ್ತಿತ್ತು. ಅದು ಸೀಸಿಯಂ-137 ಎಂಬ ವಿಕಿರಣ ಸೂಸುವ ವಸ್ತು. ಅಂಗಡಿಯವನಿಗೆ ಅದು ಬೆಲೆಬಾಳುವ ವಸ್ತು ಅನ್ನಿಸಿತು, ಏನೋ ದೈವಿಕವಾದದ್ದು ಇರಬಹುದು ಅಂತಲೂ ಅನ್ನಿಸಿತು. ಮನೆಗೆ ತಂದ. ನೆಂಟರನ್ನು, ಗೆಳೆಯರನ್ನು ಕರೆದು ತೋರಿಸಿದ. ಜನ ಆ ಪುಡಿಯನ್ನು ಮೈಗೆ ಹಚ್ಚಿಕೊಂಡು ಹೊಳೆದರು. ಆರು ವರ್ಷದ ಹುಡುಗಿಯೊಬ್ಬಳು ಅದರ ಜೊತೆ ಆಡಿ, ಅದೇ ಕೈಯಲ್ಲಿ ಊಟ ಮಾಡಿದಳು.

ನಾಲ್ಕು ಜನ ಸತ್ತರು, ಆ ಮಗುವೂ ಸೇರಿ. 1,12,000ಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಬೇಕಾಯಿತು. 249 ಜನರ ಮೈಗೆ ವಿಕಿರಣ ಸೂಸುವ ವಸ್ತು ತಾಗಿದ್ದು ಗೊತ್ತಾಯಿತು. ಮನೆಗಳನ್ನು ಕೆಡವಿದರು, ಮೇಲ್ಮಣ್ಣು ಕೆತ್ತಿ ತೆಗೆದರು. ಇಷ್ಟಕ್ಕೆಲ್ಲ ಕಾರಣವಾದ ಪುಡಿ 100 ಗ್ರಾಮಿಗಿಂತ ಕಡಿಮೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇದನ್ನು ಮೊದಲು ಕಂಡುಹಿಡಿದವರು ಯಾರು? ಗುಜರಿ ಅಂಗಡಿಯವನ ಹೆಂಡತಿ. ಮನೆಯಲ್ಲಿ ಒಬ್ಬೊಬ್ಬರೇ ವಾಂತಿ ಮಾಡುತ್ತಾ ಮಲಗುತ್ತಿದ್ದಾರೆ, ಎಲ್ಲವೂ ಆ ಪುಡಿ ಬಂದ ಮೇಲೆ ಶುರುವಾಯಿತು ಎಂದು ಅವಳು ಜೋಡಿಸಿ ನೋಡಿದಳು. ಆ ವಸ್ತುವನ್ನು ಚೀಲಕ್ಕೆ ತುಂಬಿಸಿ, ಬಸ್ಸು ಹತ್ತಿ, ಆರೋಗ್ಯ ಕಚೇರಿಗೆ ತೆಗೆದುಕೊಂಡು ಹೋಗಿ ವೈದ್ಯರ ಮುಂದೆ ಇಟ್ಟಳು. ಅವಳೂ ಉಳಿಯಲಿಲ್ಲ. ಅವಳು ಅಷ್ಟು ಮಾಡದಿದ್ದರೆ ಇನ್ನೆಷ್ಟು ಮನೆಗೆ ಹಬ್ಬುತ್ತಿತ್ತೋ.

ನಿಮ್ಮ ನಾಯಕಿಯ ಪ್ರತಿಭೆ ಇಂಥದ್ದಾಗಿರಲಿ ಎಂದು ನನ್ನ ಆಸೆ. ಎಲ್ಲರ ಕಣ್ಣ ಮುಂದೆ ಇರುವುದನ್ನು ಅವಳು ಮಾತ್ರ ಜೋಡಿಸುತ್ತಾಳೆ.

ಮಸಿಕುಡಿಕೆ

ಓದಿ ಸುಮ್ಮನೆ ಕೂತುಬಿಟ್ಟೆ. ಇಬ್ಬರಿಗೂ ಧನ್ಯವಾದ.

ಎರಡು ಬದಲಾವಣೆ ಆಗಲೇ ಮಾಡಿದೆ. ಗಸಿಯ ಬೂದು ಬಣ್ಣ ತೆಗೆದೆ. ಹಳೆಯ ಗಸಿ ಬೂದು, ಆದರೆ ಹೊಸ ಗಸಿ ಕತ್ತಲಲ್ಲಿ ಚೆಂದ ಕಾಣುತ್ತದೆ, ಮಕ್ಕಳು ಅದನ್ನು ಸೀಸೆಯಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ಮತ್ತೆ, ಮಂತ್ರಕ್ಕೊಂದು ಗಸಿ. ಗುಣ ಮಾಡುವ ಮಂತ್ರದ್ದು ಅಂಟು, ಭಾರ ಹೊರುವ ಮಂತ್ರದ್ದು ಪುಡಿ, ಮರೆಸುವ ಮಂತ್ರದ್ದು ಕಣ್ಣಿಗೇ ಕಾಣುವುದಿಲ್ಲ. ಯಾವುದರ ಜೊತೆ ಯಾವುದು ಸೇರಬಾರದು ಎಂದು ಒಂದು ಪಟ್ಟಿ ಮಾಡುತ್ತಿದ್ದೇನೆ.

ಕನಸಿನಗೂಡು

ನಾನು ಸ್ವಲ್ಪ ಅಡ್ಡ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿ ಎಲ್ಲರೂ ವಿಷದ ಬಗ್ಗೆ ತುಂಬಾ ಚೆನ್ನಾಗಿ ಬರೆಯುತ್ತಿದ್ದೀರಿ. ಆದರೆ ನಾನು ಫ್ಯಾಂಟಸಿ ಓದುವುದು ಬೆರಗಿಗೆ. ಸೊನ್ನೆ ಅಂತ ಬರೆದು ಕಳಿಸಿದ ಹುಡುಗಿ ಒಂದು ದಿನ ಕೈ ಎತ್ತಿದಾಗ ಇಡೀ ಬೀದಿ ಬೆಳಗಬೇಕು. ಆ ಪುಟಕ್ಕಾಗಿ ನಾನು ಮುನ್ನೂರು ಪುಟ ಕಾಯುತ್ತೇನೆ. ಪರೀಕ್ಷೆಯಲ್ಲಿ ಫೇಲಾದ ಎಷ್ಟು ಮಕ್ಕಳು ಆ ಪುಟ ಓದಿ ರಾತ್ರಿ ನಿದ್ದೆ ಮಾಡಿದ್ದಾರೆ ಗೊತ್ತಾ? ನಾನೂ ಅವರಲ್ಲಿ ಒಬ್ಬಳು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾಯಕಿ ಜಾಣೆ, ಲೆಕ್ಕ ಜೋಡಿಸುತ್ತಾಳೆ ಎಂದಷ್ಟೇ ಆದರೆ ಅದು ಪತ್ತೇದಾರಿ ಕಾದಂಬರಿ ಆಗುತ್ತದೆ. ಅವಳಿಗೆ ನಿಜವಾದ ಶಕ್ತಿ ಬೇಕು. ಮೈಯಲ್ಲಿ ಅನುಭವ ಆಗುವಂಥದ್ದು.

ಪುಟತಿರುವಿ

ಕನಸಿನಗೂಡು ಅವರ ಮಾತು ಒಪ್ಪುತ್ತೇನೆ. ಬೆರಗು ಬೇಕು, ಮೈಯಲ್ಲಿ ಬರುವ ಶಕ್ತಿಯೂ ಬೇಕು. ನನ್ನ ಜಗಳ ಶಕ್ತಿಯ ಜೊತೆಗಲ್ಲ, ವಂಶದ ಜೊತೆ.

ಹೀಗೆ ಮಾಡಿದರೆ? ಪರೀಕ್ಷೆ ಅಳೆಯುವುದು ಮಗುವಿನಿಂದ ಎಷ್ಟು ಶಕ್ತಿ ಹೊರಗೆ ಬರುತ್ತದೆ ಎಂಬುದನ್ನು. ಅವಳಿಂದ ಏನೂ ಬರುವುದಿಲ್ಲ, ನಿಜ. ಸೊನ್ನೆ ಸರಿಯಾದ ಅಂಕವೇ. ಆದರೆ ಹೊರಗಿನದ್ದು ಅವಳಿಗೆ ಎಷ್ಟು ತಿಳಿಯುತ್ತದೆ ಎಂದು ಯಾರೂ ಅಳೆದಿಲ್ಲ, ಏಕೆಂದರೆ ಪರೀಕ್ಷೆ ಬರೆದವರಿಗೆ ಅದು ಬೇಕಾಗಿಲ್ಲ. ಮೇಲಿನ ಮಹಡಿಯವರಿಗೆ ಬೇಕಾದದ್ದು ಮಂತ್ರ ಹಾಕುವವರು ಮಾತ್ರ. ಆಗ ಮೋಸ ಮಾಡಿದ ಖಳನಾಯಕ ಬೇಕಾಗುವುದಿಲ್ಲ. ಇಡೀ ವ್ಯವಸ್ಥೆ ಒಂದೇ ಕಡೆ ನೋಡುತ್ತಿತ್ತು, ಅಷ್ಟೇ. ಪರೀಕ್ಷೆಯಲ್ಲಿ ಫೇಲಾದ ಮಕ್ಕಳಿಗೂ ಇದು ಇನ್ನೂ ದೊಡ್ಡ ಸಮಾಧಾನ ಅಂತ ನನಗನ್ನಿಸುತ್ತದೆ. ಅವರಲ್ಲಿ ಯಾರಿಗೂ ಗುಟ್ಟಿನ ಅಪ್ಪ ಸಿಗುವುದಿಲ್ಲವಲ್ಲ.

ಬೇಲಿಹೂ

ಅಡಿಟಿಪ್ಪಣಿ ಅವರ ಘಟನೆಯ ಜೊತೆ ಇದನ್ನೂ ಇಟ್ಟುಕೊಳ್ಳಿ. ಅಮೆರಿಕದ ನಯಾಗರ ಫಾಲ್ಸ್ ಊರಿನಲ್ಲಿ ಲವ್ ಕೆನಾಲ್ ಎಂಬ ಅರ್ಧಕ್ಕೆ ನಿಂತ ಕಾಲುವೆ ಇತ್ತು. 1942ರಿಂದ 1953ರವರೆಗೆ ಹೂಕರ್ ಕೆಮಿಕಲ್ ಕಂಪನಿ ಅದರೊಳಗೆ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತಿತು. ಮೇಲೆ ಮಣ್ಣು ಮುಚ್ಚಿ, ಆ ಜಾಗವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಕೊಟ್ಟಿತು. ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಬಂದವು.

1978ರಲ್ಲಿ ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ತನ್ನ ಮಗನಿಗೆ ಬರುತ್ತಿದ್ದ ಕಾಯಿಲೆಯ ಬೆನ್ನು ಹತ್ತಿ ಮನೆಮನೆಯ ಬಾಗಿಲು ತಟ್ಟಿದರು. ಯಾರ ಮನೆಯಲ್ಲಿ ಗರ್ಭ ನಿಲ್ಲುತ್ತಿಲ್ಲ, ಯಾರ ಮಗುವಿಗೆ ಏನಾಗಿದೆ ಎಂದು ಬರೆದುಕೊಂಡು ನಕ್ಷೆಯಲ್ಲಿ ಗುರುತು ಹಾಕಿದರು. ಗುರುತುಗಳು ಕಾಲುವೆಯ ಸುತ್ತ ಗುಂಡಗೆ ಹರಡಿರಲಿಲ್ಲ. ಸಾಲಾಗಿ ಹೋಗಿದ್ದವು. ಹಳೆಯ ನೀರಿನ ಹಾದಿಗಳನ್ನು ಮುಚ್ಚಿ ಮನೆ ಕಟ್ಟಿದ್ದರು, ಅದೇ ಹಾದಿ ಹಿಡಿದು ವಿಷ ಹರಿದಿತ್ತು. ಬೆವರ್ಲಿ ಪೈಗನ್ ಎಂಬ ವಿಜ್ಞಾನಿ ಅವರ ಬೆನ್ನಿಗೆ ನಿಂತರು. ಅಧಿಕಾರಿಗಳು ಮಾತ್ರ ಗೃಹಿಣಿಯರು ಕೂಡಿಹಾಕಿದ ಮಾಹಿತಿ ಎಂದು ತಳ್ಳಿಹಾಕಿದರು. 1980ರ ಹೊತ್ತಿಗೆ ಉಳಿದ ಮನೆಗಳವರನ್ನೂ ಸ್ಥಳಾಂತರಿಸುವ ನಿರ್ಧಾರವಾಯಿತು. ಅದೇ ವರ್ಷ ಇಂಥ ಜಾಗ ಸ್ವಚ್ಛ ಮಾಡಿಸಲು ಸೂಪರ್‌ಫಂಡ್ ಎಂಬ ಕಾನೂನು ಬಂತು.

ನಿಮ್ಮ ನಗರದಲ್ಲೂ ಮುಚ್ಚಿದ ಹಾದಿಗಳು ಇರಲಿ. ಹುಡುಗಿಗೆ ಗಸಿ ಎಲ್ಲಿಗೆ ಹರಿಯುತ್ತದೆ ಎಂದು ಪಾದದಲ್ಲಿ ತಿಳಿಯಲಿ. ಮೇಲಿನವರ ನಕ್ಷೆ ಒಂದು ಹೇಳಲಿ, ಅವಳ ಪಾದ ಇನ್ನೊಂದು ಹೇಳಲಿ. ಕನಸಿನಗೂಡು ಅವರು ಕೇಳಿದ ಮೈಯ ಅನುಭವ ಇಲ್ಲಿ ಸಿಗುತ್ತದೆ.

ಬೆಕ್ಕಿನಮನೆ

ಪ್ರಾಣಿಗಳನ್ನು ಮರೆಯಬೇಡಿ. ಜಪಾನಿನ ಮಿನಮಾಟದಲ್ಲಿ ಪಾದರಸದ ವಿಷ ಮನುಷ್ಯರಿಗಿಂತ ಮೊದಲು ಬೆಕ್ಕುಗಳಲ್ಲಿ ಕಾಣಿಸಿತು. ಕೊಲ್ಲಿಯ ಮೀನು ತಿಂದ ಬೆಕ್ಕುಗಳು ಸುತ್ತು ಹೊಡೆದು ಬೀಳುತ್ತಿದ್ದವು. 1956ರಲ್ಲಿ ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. 1959ರಲ್ಲಿ, ಕೊಲ್ಲಿಗೆ ಆ ಪಾದರಸ ಬಿಡುತ್ತಿದ್ದ ಚಿಸ್ಸೊ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಅವರು ಕಾರ್ಖಾನೆಯ ತ್ಯಾಜ್ಯ ನೀರನ್ನು ಆಹಾರದಲ್ಲಿ ಬೆರೆಸಿ ಒಂದು ಬೆಕ್ಕಿಗೆ ಕೊಟ್ಟು ನೋಡಿದರು. ಆ ಬೆಕ್ಕಿಗೆ 400 ಎಂಬ ಸಂಖ್ಯೆ ಇತ್ತು. ಅದಕ್ಕೂ ಅದೇ ಕಾಯಿಲೆ ಬಂತು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ತ್ಯಾಜ್ಯ ಬಿಡುವುದು 1968ರವರೆಗೂ ನಡೆಯಿತು.

ಮೇಲಿನ ಮಹಡಿಯಲ್ಲಿ ನಿಜ ಗೊತ್ತಿದ್ದೂ ಬಾಯಿ ಕಟ್ಟಿಸಿಕೊಂಡ ಒಬ್ಬ ಮಾಂತ್ರಿಕ ನಿಮ್ಮ ಕಥೆಯಲ್ಲಿ ಇದ್ದರೆ ನನಗೆ ಅವನ ಬಗ್ಗೆ ಓದಲು ಇಷ್ಟ.

ಹಳೇಪಠ್ಯ

ಒಂದು ಬೇರೆ ದಿಕ್ಕು. ತ್ಯಾಜ್ಯ ಯಾವಾಗಲೂ ತ್ಯಾಜ್ಯವಾಗಿಯೇ ಉಳಿಯುವುದಿಲ್ಲ.

ಹತ್ತೊಂಬತ್ತನೇ ಶತಮಾನದ ಬೀದಿದೀಪಗಳಿಗೆ ಕಲ್ಲಿದ್ದಲು ಕಾಯಿಸಿ ಅನಿಲ ತೆಗೆಯುತ್ತಿದ್ದರು. ಉಳಿಯುತ್ತಿದ್ದುದು ನಾರುವ ಕಪ್ಪು ಟಾರು. 1856ರಲ್ಲಿ ವಿಲಿಯಂ ಪರ್ಕಿನ್, ಆಗ 18 ವರ್ಷದ ಹುಡುಗ, ಮಲೇರಿಯಾಕ್ಕೆ ಕೊಡುವ ಕ್ವಿನೈನ್ ತಯಾರಿಸಲು ಹೊರಟು ಟಾರಿನಿಂದ ಬಂದ ಅನಿಲಿನ್ ಎಂಬ ರಾಸಾಯನಿಕದ ಜೊತೆ ಪ್ರಯೋಗ ಮಾಡುತ್ತಿದ್ದ. ಕ್ವಿನೈನ್ ಬರಲಿಲ್ಲ. ಕೊಳಕು ಗಸಿಯೊಂದು ಬಂತು. ಅದನ್ನು ಆಲ್ಕೋಹಾಲಿನಲ್ಲಿ ಕರಗಿಸಿದಾಗ ಚೆಂದದ ನೇರಳೆ ಬಣ್ಣ ಬಿಟ್ಟಿತು. ಕೃತಕ ಬಣ್ಣಗಳ ದೊಡ್ಡ ಉದ್ಯಮ ಅಲ್ಲಿಂದ ಬೆಳೆಯಿತು. ಆದರೆ 1895ರಲ್ಲಿ ಲುಡ್ವಿಗ್ ರೇನ್ ಎಂಬ ಜರ್ಮನ್ ಶಸ್ತ್ರವೈದ್ಯ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರ್ ಗುರುತಿಸಿದರು. ಉಪಯೋಗ ಸಿಕ್ಕ ಮೇಲೂ ವಿಷ ಹೋಗಲಿಲ್ಲ, ಬೇರೆಯವರ ಮೈಗೆ ಹೋಯಿತು.

ಈಗ ಊಹಿಸಿ. ನಾಯಕಿ ಗಸಿಯನ್ನು ಪಳಗಿಸುತ್ತಾಳೆ ಎಂದು ಮೇಲಿನವರಿಗೆ ತಿಳಿಯಿತು. ಅವರು ಅವಳನ್ನು ಕೊಲ್ಲುವುದಿಲ್ಲ. ಕೆಲಸ ಕೊಡುತ್ತಾರೆ, ಸಂಬಳ ಜಾಸ್ತಿ ಮಾಡುತ್ತಾರೆ, ಗಸಿಯಿಂದ ಇನ್ನೊಂದು ಸುತ್ತು ಮ್ಯಾಜಿಕ್ ಹಿಂಡಲು ಹೊರಡುತ್ತಾರೆ. ಅವಳಂಥ ಮಕ್ಕಳನ್ನು ಹುಡುಕಲು ಹೊಸ ಪರೀಕ್ಷೆ ತರುತ್ತಾರೆ. ಪ್ರತಿಭೆ ಅಡಗಿದ್ದಾಗ ಇದ್ದ ಅಪಾಯಕ್ಕಿಂತ ಬಯಲಾದ ಮೇಲಿನ ಅಪಾಯ ದೊಡ್ಡದು. ಎರಡನೆಯ ಅರ್ಧದ ಕಥೆ ನಿಮಗೆ ಇಲ್ಲಿ ಸಿಗಬಹುದು.

ಕನಸಿನಗೂಡು

ಹಳೇಪಠ್ಯ ಅವರೇ, ಇದು ಓದಿ ರೋಮಾಂಚನವಾಯಿತು. ಹೊಸ ಪರೀಕ್ಷೆಯಲ್ಲಿ ಪಾಸಾದ ಮಕ್ಕಳ ಸಾಲು, ಅವರನ್ನು ನೋಡುತ್ತಾ ನಿಂತ ನಾಯಕಿ. ಆ ದೃಶ್ಯ ಬೇಕೇ ಬೇಕು.

ರಾತ್ರಿಪಾಳಿ

ಬಳಿದ ಗಸಿ ಎಲ್ಲಿಗೆ ಹೋಗುತ್ತದೆ? ಅದನ್ನು ಯಾರೂ ಕೇಳಲೇ ಇಲ್ಲ. ಬಳಿದರೆ ಜಾಗ ಬದಲಾಗುತ್ತದೆ, ವಸ್ತು ಹೋಗುವುದಿಲ್ಲ.

ಅಡಿಟಿಪ್ಪಣಿ

ಇದಕ್ಕೆ ಖಿಯಾನ್ ಸೀ ಎಂಬ ಹಡಗನ್ನು ನೋಡಿ. 1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಕಸ ಸುಟ್ಟ ಬೂದಿ ಸುಮಾರು 14,000 ಟನ್ ತುಂಬಿಕೊಂಡು ಹೊರಟಿತು. ದೇಶದ ಮೇಲೆ ದೇಶ ಬೇಡ ಎಂದಿತು. ಹೈಟಿಯಲ್ಲಿ ಗೊಬ್ಬರ ಎಂದು ಕಾಗದ ತೋರಿಸಿ ಸುಮಾರು 4,000 ಟನ್ ಕಡಲ ದಂಡೆಗೆ ಸುರಿದರು. ಹಡಗು ಹೆಸರು ಬದಲಿಸಿಕೊಂಡು ಅಲೆಯಿತು. ಉಳಿದ ಬೂದಿ ಸಮುದ್ರದ ಪಾಲಾಯಿತು. ವಿಷ ತ್ಯಾಜ್ಯವನ್ನು ಗಡಿ ದಾಟಿಸುವುದಕ್ಕೆ ಕಡಿವಾಣ ಹಾಕುವ ಬಾಸೆಲ್ ಒಪ್ಪಂದ 1989ರಲ್ಲಿ ಬಂತು.

ಎಲ್ಲೂ ಇಳಿಸಲಾಗದ ಗಸಿ ಹೊತ್ತು, ಹೆಸರು ಬದಲಿಸುತ್ತಾ ತಿರುಗುವ ಒಂದು ಹಡಗು. ಕಲ್ಪನೆ ಸೇರಿಸಬೇಕಾದದ್ದೇ ಕಡಿಮೆ.

ಮಸಿಕುಡಿಕೆ

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲ ಓದಿದ ಮೇಲೆ ತೀರ್ಮಾನ ಮಾಡಿದೆ. ವಂಶದ ಗುಟ್ಟು ಇಲ್ಲ. ಪರೀಕ್ಷೆಯ ಅಂಕ ಸರಿ, ಪರೀಕ್ಷೆ ಒಂದೇ ಕಡೆಯದ್ದು. ಅವಳ ತಂಡದ ಹಿರಿಯಳೊಬ್ಬಳಿಗೂ ಇದೇ ಶಕ್ತಿ ಇತ್ತು, ಆದರೆ ಮರೆವು ಅವಳನ್ನು ಮೊದಲೇ ತಿಂದುಹಾಕಿದೆ. ಅವಳು ಕಲಿಸಿದ್ದೇ ನಾಯಕಿಗೆ ಬಂದದ್ದು.

ಶಕ್ತಿ ಮೊದಲ ಸಲ ಬಯಲಾಗುವ ದೃಶ್ಯ ಹೀಗಿದೆ. ನಡುರಾತ್ರಿ, ಒಂದು ಆಸ್ಪತ್ರೆಯ ಕೆಳಗಿನ ಗಸಿ ತೊಟ್ಟಿ. ತಂಡದ ಒಬ್ಬ ಇಳಿಯುತ್ತಾನೆ, ಬೀಳುತ್ತಾನೆ. ನಾಯಕಿಗೆ ಪಾದದಲ್ಲಿ ಜುಮ್ ಅನ್ನುತ್ತದೆ. ಒಳಗೆ ಎರಡು ಗಸಿ ಸೇರುತ್ತಿವೆ ಎಂದು ತಿಳಿಯುತ್ತದೆ. ಅವಳು ತೊಟ್ಟಿಗೆ ಹಾರುತ್ತಾಳೆ, ಕೈಯಿಂದಲೇ ಎರಡನ್ನೂ ಬೇರೆ ಮಾಡುತ್ತಾಳೆ, ಅವನನ್ನು ಎತ್ತಿ ತರುತ್ತಾಳೆ. ಹೇಗಿದೆ?

ರಾತ್ರಿಪಾಳಿ

ಹಾರಬಾರದು. ಇದೊಂದನ್ನು ದಯವಿಟ್ಟು ಬದಲಿಸಿ.

ಗುಂಡಿಗಳಲ್ಲಿ ಸಾಯುವವರಲ್ಲಿ ಎಷ್ಟೋ ಜನ ಮೊದಲು ಬಿದ್ದವರಲ್ಲ. ಬಿದ್ದವನನ್ನು ಎತ್ತಲು ಇಳಿದವರು. ಅಣ್ಣ ಬಿದ್ದ ಎಂದು ತಮ್ಮ ಇಳಿಯುತ್ತಾನೆ, ತಮ್ಮ ಬಿದ್ದ ಎಂದು ಗೆಳೆಯ ಇಳಿಯುತ್ತಾನೆ. ಪ್ರೀತಿಯಿಂದಲೇ ಸಾಯುತ್ತಾರೆ. ನಿಮ್ಮ ಪುಸ್ತಕ ಓದಿದ ಯಾರೋ ಒಬ್ಬರು ಮುಂದೆ ಇಂಥ ಗುಂಡಿಯ ಬಾಯಲ್ಲಿ ನಿಲ್ಲಬಹುದು.

ಹೀಗೆ ಬರೆಯಿರಿ. ಅವನು ಬಿದ್ದ ಕೂಡಲೇ ಇನ್ನೊಬ್ಬ ಇಳಿಯಲು ಕಾಲು ಹಾಕುತ್ತಾನೆ. ನಾಯಕಿ ಅವನ ಅಂಗಿ ಹಿಡಿದು ಎಳೆಯುತ್ತಾಳೆ. ಅವನು ಬೈಯುತ್ತಾನೆ, ಅಳುತ್ತಾನೆ, ಅವಳು ಬಿಡುವುದಿಲ್ಲ. ಆಮೇಲೆ ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿ, ಎರಡು ಗಸಿ ಎಲ್ಲಿ ಸೇರುತ್ತಿವೆ ಎಂದು ಹುಡುಕಿ, ಮೇಲಿನಿಂದಲೇ ಬೇರೆ ಮಾಡುತ್ತಾಳೆ. ಬೆಳಕು ಬೇಕಿದ್ದರೆ ಆಗ ಬರಲಿ, ಕನಸಿನಗೂಡು ಅವರಿಗೂ ಸಂತೋಷವಾಗುತ್ತದೆ. ಬಿದ್ದವನನ್ನು ಹಗ್ಗದಿಂದ ಎಳೆಯಬೇಕು. ಇಳಿಯುವ ಮೊದಲೇ ಅವನ ಭುಜ, ಎದೆ, ತೊಡೆ ಹಿಡಿಯುವ ಮೈಪಟ್ಟಿಗೆ ಹಗ್ಗ ಕಟ್ಟಿರಬೇಕು, ಅದರ ಇನ್ನೊಂದು ತುದಿ ಮೇಲೆ ಒಬ್ಬರ ಕೈಯಲ್ಲಿರಬೇಕು. ಆ ಹಗ್ಗ ಕಟ್ಟುವುದನ್ನು ತಂಡದ ಹಿರಿಯಳು ಅವಳಿಗೆ ಮೊದಲನೇ ಅಧ್ಯಾಯದಲ್ಲೇ ಕಲಿಸಲಿ.